ಮಗುವಾದದ್ದು ಯಾವುದರಿಂದ?



ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮದುವೆಯಾದ ಹುಡುಗಿ ನಂಟರ ಮನೆಯ ಸಮಾರಂಭಕ್ಕೆ ಹೋದರೆ, ಊಟದ ಪಂಕ್ತಿ ಏಳುವುದರೊಳಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಏನೇ, ಏನಾದ್ರೂ ವಿಶೇಷ ಇದ್ಯಾ?” ಮದುವೆಯಾದ ಹೊಸತರಲ್ಲಿ ಆ ಮಾತಿಗೆ ಅವಳು ನಾಚಿ ತಲೆ ತಗ್ಗಿಸುತ್ತಾಳೆ. ನಾಲ್ಕು ವರ್ಷ ಕಳೆದ ಮೇಲೆ ಸಮಾರಂಭಗಳಿಗೆ ಹೋಗುವುದನ್ನೇ ಬಿಡುತ್ತಾಳೆ. ಅವಳ ಗಂಡನನ್ನು ಮಾತ್ರ ಯಾರೂ ಏನೂ ಕೇಳಿರುವುದಿಲ್ಲ.

ಆಮೇಲೆ ಸಲಹೆಗಳು. ಕಿಗ್ಗಕ್ಕೆ ಹೋಗಿ ಋಷ್ಯಶೃಂಗೇಶ್ವರನಿಗೆ ಹರಕೆ ಹೊತ್ತು ಬನ್ನಿ, ದಶರಥನಿಗೆ ಪುತ್ರಕಾಮೇಷ್ಟಿ ಮಾಡಿಸಿದ ಮುನಿಯಲ್ಲವೇ ಎನ್ನುತ್ತಾರೆ ಒಬ್ಬರು. ಇಂಥ ಊರಿನಲ್ಲಿ ಬೇರು ಅರೆದು ಕೊಡುವವರಿದ್ದಾರೆ ಎನ್ನುತ್ತಾರೆ ಇನ್ನೊಬ್ಬರು. ಮತ್ತೊಬ್ಬರು ಶಿವಮೊಗ್ಗದ ಡಾಕ್ಟರ ಹೆಸರು ಹೇಳುತ್ತಾರೆ. ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಿಬಂದವರು ಅಲ್ಲಿಗೇ ಹೋಗಿ ಎನ್ನುತ್ತಾರೆ. ಕೈಯಲ್ಲಿ ನಾಲ್ಕು ಕಾಸು ಇದ್ದವರು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಡುತ್ತಾರೆ. ಹೀಗೆ ಒಂದಾದ ಮೇಲೊಂದು ನಡೆಯುತ್ತಿರುವಾಗ ಒಂದು ತಿಂಗಳು ಮುಟ್ಟು ನಿಲ್ಲುತ್ತದೆ. ಕೊನೆಯದಾಗಿ ಯಾವ ಬಾಗಿಲು ತಟ್ಟಿದ್ದರೋ ಅದಕ್ಕೆ ಹೆಸರು ಬರುತ್ತದೆ. “ಅವರ ಕೈಗುಣ ಚೆನ್ನಾಗಿದೆ” ಎಂಬ ಮಾತು ಊರೆಲ್ಲ ಹರಡುತ್ತದೆ.

ಆ ಕೈಗುಣವನ್ನು ಅಳೆದು ನೋಡುವ ದಾರಿ ಒಂದಿದೆ. ಬಂಜೆತನದ ಚಿಕಿತ್ಸೆಯ ಬಗ್ಗೆ ನಡೆಯುವ ಕ್ಲಿನಿಕಲ್ ಅಧ್ಯಯನಗಳೇ ಆ ದಾರಿ. ದೂರದ ದೊಡ್ಡ ಆಸ್ಪತ್ರೆಗಳ ಸಂಗತಿಯಂತೆ ಕಂಡರೂ ಅವುಗಳ ಫಲ ನಮ್ಮ ಮೂರು ತಾಲ್ಲೂಕುಗಳ ಮನೆಗಳಿಗೂ ಬೇಕು.

ಮೊದಲು ಒಂದು ಲೆಕ್ಕ. ಹೆಂಡತಿಯ ವಯಸ್ಸು 40ರೊಳಗಿದ್ದು, ಗರ್ಭನಿರೋಧಕ ಬಳಸದೆ ಒಟ್ಟಿಗೆ ಬಾಳುವ 100 ದಂಪತಿಗಳನ್ನು ತೆಗೆದುಕೊಳ್ಳಿ. ಅವರಲ್ಲಿ 80ಕ್ಕೂ ಹೆಚ್ಚು ಮಂದಿಗೆ ಒಂದು ವರ್ಷದೊಳಗೆ ಗರ್ಭ ನಿಲ್ಲುತ್ತದೆ. ಉಳಿದವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿಗೆ ಎರಡನೆಯ ವರ್ಷದಲ್ಲಿ ತಾನಾಗಿಯೇ ಆಗುತ್ತದೆ. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ ವೈದ್ಯರಿಗೆ ಹೇಳಿಕೊಡುವ ಲೆಕ್ಕ ಇದು. ಮೊದಲ ವರ್ಷ ದಾಟಿದ 20 ದಂಪತಿಗಳು ನನ್ನ ಹತ್ತಿರ ಬಂದರು, ನಾನು ಬರೀ ಸಕ್ಕರೆ ಪೊಟ್ಟಣ ಕೊಟ್ಟೆ ಎಂದುಕೊಳ್ಳಿ. ವರ್ಷ ತಿರುಗುವುದರೊಳಗೆ ಅವರಲ್ಲಿ ಸುಮಾರು 10 ಮನೆಗಳಲ್ಲಿ ಸಿಹಿಸುದ್ದಿ ಇರುತ್ತದೆ. ಆ 10 ಮನೆಯವರೂ ನನ್ನನ್ನು ಹೊಗಳುತ್ತಾರೆ. ಉಳಿದ 10 ಮನೆಯವರು ಏನೂ ಹೇಳದೆ ಬೇರೆ ಡಾಕ್ಟರನ್ನು ಹುಡುಕಿಕೊಂಡು ಹೋಗುತ್ತಾರೆ.

ಎರಡೂ ಗರ್ಭನಾಳ ಮುಚ್ಚಿಹೋದವರಿಗೆ, ವೀರ್ಯದಲ್ಲಿ ವೀರ್ಯಾಣುವೇ ಇಲ್ಲದವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರು ಕಾಯುತ್ತ ಕೂರಬಾರದು. ನಮ್ಮ ದೇಶದಲ್ಲಿ ಗರ್ಭನಾಳ ಕೆಡುವುದಕ್ಕೆ ಕ್ಷಯರೋಗವೂ ಒಂದು ಮುಖ್ಯ ಕಾರಣ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ತಪಾಸಣೆಗೆ ಹೋಗಬೇಕು. ತೋಟ ನೋಡಿಕೊಂಡಿರುವ ಹುಡುಗರಿಗೆ ಹೆಣ್ಣು ಸಿಗುವುದೇ ತಡವಾಗಿರುವ ಈಗಿನ ಮಲೆನಾಡಿನಲ್ಲಿ, ಹುಡುಗಿಯರೂ ಓದು, ಕೆಲಸ ಎಂದು ಮದುವೆ ಮುಂದೂಡುವ ಈ ದಿನಗಳಲ್ಲಿ ವಯಸ್ಸಿನ ಮಾತು ಮರೆಯುವಂಥದ್ದಲ್ಲ.

ಹಾಗಾದರೆ ಔಷಧದಿಂದಲೇ ಆಯಿತೋ, ಇಲ್ಲದಿದ್ದರೂ ಆಗುತ್ತಿತ್ತೋ, ತಿಳಿಯುವುದು ಹೇಗೆ? ಒಂದೇ ಬಗೆಯ ತೊಂದರೆ ಇರುವ ನೂರಾರು ದಂಪತಿಗಳನ್ನು ಎರಡು ಗುಂಪು ಮಾಡಬೇಕು. ಒಂದು ಗುಂಪಿಗೆ ಹೊಸ ಚಿಕಿತ್ಸೆ, ಇನ್ನೊಂದಕ್ಕೆ ಹಳೆಯ ಚಿಕಿತ್ಸೆ ಅಥವಾ ಔಷಧವಿಲ್ಲದ ಮಾತ್ರೆ. ಯಾರು ಯಾವ ಗುಂಪು ಎಂಬುದನ್ನು ವೈದ್ಯರು ಆರಿಸಕೂಡದು, ರೋಗಿಯೂ ಆರಿಸಕೂಡದು. ಚೀಟಿ ಎತ್ತಿದ ಹಾಗೆ ತಾನಾಗಿ ಬರಬೇಕು. ವೈದ್ಯರು ಆರಿಸಿದರೆ, ತಮಗೇ ಗೊತ್ತಿಲ್ಲದಂತೆ ಚಿಕ್ಕ ವಯಸ್ಸಿನವರನ್ನು, ಬೇಗ ಗರ್ಭ ನಿಲ್ಲಬಹುದಾದವರನ್ನು ತಮಗೆ ಮೆಚ್ಚಿಗೆಯಾದ ಔಷಧದ ಕಡೆ ಹಾಕಿಬಿಡುತ್ತಾರೆ. ಆಮೇಲೆ ಎರಡೂ ಗುಂಪುಗಳನ್ನು ಒಂದೇ ರೀತಿಯಲ್ಲಿ ನೋಡಿಕೊಂಡು, ಕೊನೆಗೆ ಎಷ್ಟು ಮಂದಿ ಜೀವಂತ ಮಗುವನ್ನು ಮನೆಗೆ ಕರೆದೊಯ್ದರು ಎಂದು ಎಣಿಸಬೇಕು.

ಹೀಗೆ ಎಣಿಸದೆ ಒಂದು ಮಗು ಹುಟ್ಟಿದ್ದನ್ನು ಮಾತ್ರ ನೋಡಿದರೆ, ಆ ಚಿಕಿತ್ಸೆ ಸಾಧ್ಯ ಎಂಬುದಷ್ಟೇ ಸಿದ್ಧವಾಗುತ್ತದೆ. ಇಂಗ್ಲೆಂಡಿನ ಓಲ್ಡಮ್‌ನಲ್ಲಿ 1978ರ ಜುಲೈ 25ರಂದು ಲೂಯಿಸ್ ಬ್ರೌನ್ ಹುಟ್ಟಿದಳು. ಪ್ರನಾಳದಲ್ಲಿ ಕುಡಿಯೊಡೆದು ಹುಟ್ಟಿದ ಜಗತ್ತಿನ ಮೊದಲ ಮಗು. ಅದೇ ವರ್ಷ ಅಕ್ಟೋಬರ್ 3ರಂದು ಕೊಲ್ಕತ್ತದಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ದುರ್ಗಾ ಎಂಬ ಮಗು ಹುಟ್ಟಿತು. ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. ಅವರನ್ನು ಬೇರೆಡೆಗೆ ವರ್ಗ ಮಾಡಿದರು. 1981ರ ಜೂನ್‌ನಲ್ಲಿ ಅವರು ಪ್ರಾಣ ಕಳೆದುಕೊಂಡರು. ಅವರ ಹೆಸರು ಉಳಿದದ್ದು ಅವರು ಬರೆದಿಟ್ಟ ಟಿಪ್ಪಣಿಗಳಿಂದ. ಮುಂಬಯಿಯಲ್ಲಿ 1986ರ ಆಗಸ್ಟ್ 6ರಂದು ಹರ್ಷಾ ಎಂಬ ಮಗು ಹುಟ್ಟಿದಾಗ ಡಾ. ಇಂದಿರಾ ಹಿಂದುಜಾ ಅವರೊಂದಿಗೆ ಆ ಕೆಲಸ ನಡೆಸಿದ ವಿಜ್ಞಾನಿ ಟಿ.ಸಿ. ಆನಂದಕುಮಾರ್, ಭಾರತದ ಮೊದಲ ಪ್ರನಾಳ ಶಿಶುವಿನ ಕೀರ್ತಿ ಅಲ್ಲಿಯವರೆಗೂ ತಮ್ಮ ತಂಡಕ್ಕೇ ಸಲ್ಲುತ್ತಿದ್ದರೂ, ಮುಖರ್ಜಿಯವರ ಕಾಗದಗಳನ್ನು ಕೂತು ಓದಿದರು. 1997ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ, ಮೊದಲಿಗರು ಮುಖರ್ಜಿಯವರೇ ಎಂದು ಬರೆದರು. ಮುಂಬಯಿಯ ಸಂಶೋಧನಾ ಸಂಸ್ಥೆಯ ಕೆಲಸ ಮುಗಿಸಿ ಬೆಂಗಳೂರಿಗೆ ಬಂದು ನೆಲಸಿದ್ದ ಅವರ ಈ ದೊಡ್ಡತನವನ್ನು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿಬರುತ್ತದೆ.

ಆದರೆ ಸಾಧ್ಯವಾದದ್ದು ನೂರರಲ್ಲಿ ಎಷ್ಟು ಮಂದಿಗೆ ಫಲಿಸುತ್ತದೆ, ಯಾರಿಗೆ ಅದರಿಂದ ಕೆಡುಕಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವಾಗ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಒಂದು ಕಥೆ ನಡೆದಿದೆ. ಅದು ಲೆಟ್ರೋಜೋಲ್ ಎಂಬ ಮಾತ್ರೆಯ ಕಥೆ.

ಇವತ್ತು ಪಿಸಿಓಎಸ್ ಎಂಬ ಮಾತು ಹಳ್ಳಿಯ ಹುಡುಗಿಯರಿಗೂ ಗೊತ್ತು. ತಿಂಗಳು ತಿಂಗಳು ಅಂಡಾಣು ಹೊರಬೀಳುವುದು ಏರುಪೇರಾಗಿ, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುವ ತೊಂದರೆ ಅದು. ಇದಕ್ಕೆ ದಶಕಗಳ ಕಾಲ ಕೊಡುತ್ತಿದ್ದದ್ದು ಕ್ಲೋಮಿಫೀನ್ ಮಾತ್ರೆ. ಲೆಟ್ರೋಜೋಲ್ ಇದ್ದದ್ದು ಮುಟ್ಟು ನಿಂತ ಹೆಂಗಸರ ಸ್ತನ ಕ್ಯಾನ್ಸರಿಗೆ. ಅದು ಮೈಯಲ್ಲಿ ಈಸ್ಟ್ರೋಜೆನ್ ತಯಾರಾಗುವುದನ್ನು ಸ್ವಲ್ಪ ಕಾಲ ತಡೆಯುತ್ತದೆ. ಈಸ್ಟ್ರೋಜೆನ್ ಕಡಿಮೆಯಾದದ್ದನ್ನು ಗಮನಿಸಿ ಮೆದುಳಿನ ಬುಡದ ಪಿಟ್ಯೂಟರಿ ಗ್ರಂಥಿ ಹೆಚ್ಚು ಹಾರ್ಮೋನ್ ಕಳಿಸುತ್ತದೆ, ಅಂಡಾಶಯ ಎಚ್ಚರವಾಗಿ ಅಂಡಾಣು ಬಲಿಯುತ್ತದೆ. ಮುಟ್ಟಾದ ಮೊದಲ ದಿನಗಳಲ್ಲಿ ಐದು ದಿನ ತೆಗೆದುಕೊಂಡರೆ ಸಾಕು. ಗರ್ಭ ನಿಲ್ಲುವ ಹೊತ್ತಿಗೆ ಮಾತ್ರೆಯ ಅಂಶ ಬಹುಪಾಲು ಮೈಯಿಂದ ಹೊರಟುಹೋಗಿರುತ್ತದೆ. ಕೆನಡಾದ ಟೊರೊಂಟೊದ ವೈದ್ಯರು 2001ರಲ್ಲಿ ಇದನ್ನು ಬರೆದು ಪ್ರಕಟಿಸಿದರು.

ಆಲೋಚನೆ ಚೆನ್ನಾಗಿಯೇ ಇತ್ತು. ಆದರೆ 2003ರಲ್ಲಿ ನಮ್ಮ ದೇಶದಲ್ಲಿ, ಆ ಉದ್ದೇಶಕ್ಕೆ ಅನುಮತಿ ಇಲ್ಲದಿರುವಾಗಲೇ, 400ಕ್ಕೂ ಹೆಚ್ಚು ಮಹಿಳೆಯರಿಗೆ ಈ ಮಾತ್ರೆ ಕೊಟ್ಟು ನೋಡಲಾಗಿದೆ, ಅವರಿಗೆ ತಿಳಿಸಿ ಒಪ್ಪಿಗೆ ಪಡೆದಿರಲಿಲ್ಲ ಎಂಬ ವರದಿಗಳು ದೇಶವಿದೇಶಗಳ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದವು. ಮಗು ಬೇಕೆಂದು ಹೋದ ಹೆಣ್ಣುಮಕ್ಕಳನ್ನು ಅವರಿಗೆ ಗೊತ್ತಿಲ್ಲದೆ ಪ್ರಯೋಗಕ್ಕೆ ಒಡ್ಡುವುದು ಅನ್ಯಾಯ. ಮಾತ್ರೆ ಮುಂದೆ ಒಳ್ಳೆಯದೆಂದು ತಿಳಿದುಬಂದರೂ ಆ ಅನ್ಯಾಯ ಅನ್ಯಾಯವೇ.

ಎರಡನೆಯ ತಪ್ಪು ಹೋಲಿಕೆಯದು. ಮಾಂಟ್ರಿಯಲ್‌ನ ಒಂದು ಸಮ್ಮೇಳನದಲ್ಲಿ 2005ರಲ್ಲಿ ಒಂದು ವರದಿ ಮಂಡನೆಯಾಯಿತು. ಲೆಟ್ರೋಜೋಲ್ ತೆಗೆದುಕೊಂಡವರಿಗೆ ಹುಟ್ಟಿದ 150 ಮಕ್ಕಳನ್ನು ಬೇರೆ 36,000ಕ್ಕೂ ಹೆಚ್ಚು ಮಕ್ಕಳೊಂದಿಗೆ ಹೋಲಿಸಿ, ಹೃದಯ, ಮೂಳೆಗಳ ದೋಷ ಹೆಚ್ಚು ಎಂದರು. ಆದರೆ ಆ 36,000 ತಾಯಂದಿರು ಯಾವ ತೊಂದರೆಯೂ ಇಲ್ಲದೆ ಬಸಿರಾದವರು. ವಯಸ್ಸು ಬೇರೆ, ಆರೋಗ್ಯ ಬೇರೆ. ಆ ವರದಿ ಪೂರ್ಣ ಲೇಖನವಾಗಿ ಎಂದೂ ಪ್ರಕಟವಾಗಲಿಲ್ಲ. ಮರುವರ್ಷವೇ ಕೆನಡಾದ ವೈದ್ಯರು ಮಕ್ಕಳಾಗದೆ ಚಿಕಿತ್ಸೆ ಪಡೆದವರನ್ನೇ ಒಬ್ಬರಿಗೊಬ್ಬರು ಹೋಲಿಸಿದರು: ಲೆಟ್ರೋಜೋಲ್‌ನಿಂದ ಹುಟ್ಟಿದ 514 ಮಕ್ಕಳಲ್ಲಿ ದೋಷ ಕಂಡದ್ದು ಶೇಕಡಾ 2.4, ಕ್ಲೋಮಿಫೀನ್‌ನಿಂದ ಹುಟ್ಟಿದ 397 ಮಕ್ಕಳಲ್ಲಿ ಶೇಕಡಾ 4.8. ಅಷ್ಟರಲ್ಲಿ ಭಯ ಹರಡಿತ್ತು. ಭಾರತ ಸರ್ಕಾರ 2011ರ ಅಕ್ಟೋಬರ್‌ನಲ್ಲಿ ಬಂಜೆತನಕ್ಕೆ ಲೆಟ್ರೋಜೋಲ್ ಕೊಡುವುದನ್ನು ನಿಷೇಧಿಸಿತು.

ಅಮೆರಿಕದಲ್ಲಿ ಪಿಸಿಓಎಸ್ ಇರುವ 750 ಮಹಿಳೆಯರ ದೊಡ್ಡ ಅಧ್ಯಯನದ ಫಲಿತಾಂಶ 2014ರಲ್ಲಿ ಬಂತು. ಅವರ ಗಂಡಂದಿರ ವೀರ್ಯಪರೀಕ್ಷೆ ಮೊದಲೇ ಆಗಿತ್ತು. ಅರ್ಧ ಮಂದಿಗೆ ಲೆಟ್ರೋಜೋಲ್, ಅರ್ಧ ಮಂದಿಗೆ ಕ್ಲೋಮಿಫೀನ್. ಯಾರಿಗೆ ಯಾವುದು ಸಿಕ್ಕಿದೆ ಎಂದು ಕೊಟ್ಟವರಿಗೂ ಗೊತ್ತಿಲ್ಲ, ತೆಗೆದುಕೊಂಡವರಿಗೂ ಗೊತ್ತಿಲ್ಲ. ಐದು ಸುತ್ತುಗಳವರೆಗೆ ಚಿಕಿತ್ಸೆ. ಲೆಟ್ರೋಜೋಲ್ ಕಡೆ ಶೇಕಡಾ 27.5ರಷ್ಟು ಮಂದಿಗೆ ಮಗುವಾಯಿತು, ಕ್ಲೋಮಿಫೀನ್ ಕಡೆ ಶೇಕಡಾ 19.1. ಮಕ್ಕಳ ದೋಷದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 2017ರಲ್ಲಿ ನಮ್ಮಲ್ಲೂ ನಿಷೇಧ ತೆರವಾಯಿತು. ಈಗ ಪಿಸಿಓಎಸ್‌ನಿಂದ ಗರ್ಭ ನಿಲ್ಲದವರಿಗೆ ಮೊದಲು ಕೊಡಬೇಕಾದ ಔಷಧ ಇದೇ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಆ 750 ಮಹಿಳೆಯರು ಒಪ್ಪಿ ಮುಂದೆ ಬಂದಿರದಿದ್ದರೆ ಕೊಪ್ಪದ ಮೆಡಿಕಲ್ ಶಾಪಿನಲ್ಲಿ ಈ ಮಾತ್ರೆಯನ್ನು ಧೈರ್ಯವಾಗಿ ಕೊಳ್ಳಲು ಆಗುತ್ತಿರಲಿಲ್ಲ.

ಅಧ್ಯಯನಗಳಿಂದ ಹೊಸ ಚಿಕಿತ್ಸೆ ಸಿಗುವುದು ಒಂದು ಲಾಭ. ಬೇಡದ ಚಿಕಿತ್ಸೆ ತಪ್ಪುವುದು ಅದಕ್ಕಿಂತ ಕಡಿಮೆಯ ಲಾಭವಲ್ಲ, ಅದೂ ತೋಟದ ಮೇಲೆ ಸಾಲ ಎತ್ತಿ ಚಿಕಿತ್ಸೆಗೆ ಹೋಗುವವರಿಗೆ. ಐವಿಎಫ್ ಎಂಬ ಪ್ರನಾಳ ಶಿಶುವಿನ ಚಿಕಿತ್ಸೆಗೆ ಮುಂಚೆ ಗರ್ಭಕೋಶದ ಒಳಪದರವನ್ನು ಮೆಲ್ಲಗೆ ಕೆರೆದರೆ ಭ್ರೂಣ ಚೆನ್ನಾಗಿ ಅಂಟುತ್ತದೆ ಎಂದು ಎಷ್ಟೋ ಕಡೆ ದುಡ್ಡು ತೆಗೆದುಕೊಂಡು, ನೋವು ಕೊಟ್ಟು ಆ ಕೆಲಸ ಮಾಡುತ್ತಿದ್ದರು. ನ್ಯೂಜಿಲೆಂಡಿನವರ ಮುಂದಾಳತ್ವದಲ್ಲಿ ಐದು ದೇಶಗಳ 1,364 ಮಹಿಳೆಯರಲ್ಲಿ ನಡೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಕೆರೆಸಿಕೊಂಡವರಲ್ಲಿ ಶೇಕಡಾ 26.1 ಮಂದಿಗೆ ಮಗು, ಕೆರೆಸಿಕೊಳ್ಳದವರಲ್ಲೂ ಶೇಕಡಾ 26.1.

ಗಂಡಸರ ವಿಷಯಕ್ಕೆ ಬರೋಣ. ವೀರ್ಯ ಚೆನ್ನಾಗಲಿ ಎಂದು ಜಿಂಕ್, ಫೋಲಿಕ್ ಆಮ್ಲದ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಅಮೆರಿಕದಲ್ಲಿ 2,370 ದಂಪತಿಗಳಲ್ಲಿ ಇದನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಮಾತ್ರೆ ತಿಂದವರ ಮನೆಗಳಲ್ಲಿ ಶೇಕಡಾ 34, ಬರೀ ಹಿಟ್ಟಿನ ಮಾತ್ರೆ ತಿಂದವರ ಮನೆಗಳಲ್ಲಿ ಶೇಕಡಾ 35 ಮಂದಿಗೆ ಮಗುವಾಯಿತು. ಮಾತ್ರೆ ಉಪಯೋಗಕ್ಕೆ ಬರಲಿಲ್ಲ. ಆದರೂ ಗಂಡಸರನ್ನು ಕೇಂದ್ರವಾಗಿಟ್ಟು ಇಷ್ಟು ದೊಡ್ಡ ಅಧ್ಯಯನ ನಡೆಯಿತಲ್ಲ ಎಂಬುದು ನನಗೆ ಮುಖ್ಯ. ಎಷ್ಟೋ ಮನೆಗಳಲ್ಲಿ ಹೆಂಡತಿಗೆ ನಾಲ್ಕಾರು ಸ್ಕ್ಯಾನ್, ರಕ್ತಪರೀಕ್ಷೆ, ಗರ್ಭನಾಳದ ಎಕ್ಸ್‌ರೇ ಎಲ್ಲ ಮುಗಿದಿರುತ್ತದೆ. ಗಂಡನ ವೀರ್ಯಪರೀಕ್ಷೆ ಒಂದೂ ಆಗಿರುವುದಿಲ್ಲ. ಎಲ್ಲ ಪರೀಕ್ಷೆಗಳಲ್ಲಿ ಅಗ್ಗದ್ದು, ನೋವಿಲ್ಲದ್ದು ಅದೇ. “ನಮ್ಮ ಹುಡುಗನಿಗೆ ಏನಾಗಿದೆ?” ಎಂದು ಕೇಳುವ ಅತ್ತೆಯಂದಿರೇ, ಏನೂ ಆಗಿಲ್ಲ ಎಂಬುದನ್ನಾದರೂ ತಿಳಿಯಲು ಅದನ್ನು ಮೊದಲು ಮಾಡಿಸಿ.

ಆ ಗರ್ಭನಾಳದ ಎಕ್ಸ್‌ರೇಯ ಬಗ್ಗೆ ಒಂದು ಒಳ್ಳೆಯ ಸುದ್ದಿಯೂ ಇದೆ. ನಾಳ ತೆರೆದಿದೆಯೇ ಎಂದು ನೋಡಲು ಒಳಗೆ ದ್ರವ ಹಾಯಿಸುತ್ತಾರೆ. ನೆದರ್ಲೆಂಡ್ಸ್‌ನಲ್ಲಿ 1,119 ಮಹಿಳೆಯರಿಗೆ ಈ ಪರೀಕ್ಷೆ ಮಾಡುವಾಗ ಅರ್ಧ ಮಂದಿಗೆ ನೀರಿನ ದ್ರವ, ಅರ್ಧ ಮಂದಿಗೆ ಎಣ್ಣೆಯ ದ್ರವ ಬಳಸಿದರು. 2017ರಲ್ಲಿ ಫಲಿತಾಂಶ ಬಂತು: ಎಣ್ಣೆಯ ಕಡೆ ಶೇಕಡಾ 38.8, ನೀರಿನ ಕಡೆ ಶೇಕಡಾ 28.1 ಮಂದಿಗೆ ಮಗುವಾಗಿತ್ತು. ಆ ಎಣ್ಣೆಯಲ್ಲಿ ಅಯೋಡಿನ್ ಇರುವುದರಿಂದ ಥೈರಾಯ್ಡ್ ತೊಂದರೆ ಇರುವವರು ವೈದ್ಯರಿಗೆ ಮೊದಲೇ ಹೇಳಬೇಕು.

ಇದೆಲ್ಲ ಇಂಗ್ಲಿಷ್ ಔಷಧದ ಮಾತಾಯಿತು ಎಂದು ನೀವು ಹೇಳಬಹುದು. ಕೊಪ್ಪದಲ್ಲಿ ಆರೂರು ಲಕ್ಷ್ಮೀನಾರಾಯಣ ರಾವ್ ಸ್ಮಾರಕ ಆಯುರ್ವೇದ ವೈದ್ಯಕೀಯ ಕಾಲೇಜು ಇದೆ. ಫಲಘೃತ, ಶತಾವರಿ, ಉತ್ತರಬಸ್ತಿ ಎಂಬ ಹೆಸರುಗಳು ಈ ಕಡೆಯ ಕಿವಿಗಳಿಗೆ ಹೊಸವಲ್ಲ. ಆಯುರ್ವೇದ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳು ರೋಗಿಗಳನ್ನು ಅಭ್ಯಸಿಸಿ ಪ್ರಬಂಧ ಬರೆಯುವ ಪದ್ಧತಿ ದೇಶದಲ್ಲೆಲ್ಲ ಇದೆ. ಬಂಜೆತನದ ಮೇಲೂ ಇಂಥ ಪ್ರಬಂಧಗಳು ಬಂದಿವೆ. ಆದರೆ ಅವುಗಳಲ್ಲಿ ಎಷ್ಟೋ ಕಡೆ ರೋಗಿಗಳು ಬೆರಳೆಣಿಕೆಯಷ್ಟು, ಹೋಲಿಕೆಯ ಗುಂಪೇ ಇರುವುದಿಲ್ಲ. ಔಷಧ ಕೊಟ್ಟೆವು, ಇಷ್ಟು ಮಂದಿಗೆ ಗರ್ಭ ನಿಂತಿತು ಎಂದು ಮುಗಿಯುತ್ತದೆ. ಮೊದಲು ಹೇಳಿದ ಲೆಕ್ಕ ನೆನಪಿಸಿಕೊಂಡರೆ ಅದರಿಂದ ಏನೂ ತಿಳಿಯುವುದಿಲ್ಲ. ಫಲಘೃತಕ್ಕೆ ಗುಣವಿದ್ದರೆ ಸರಿಯಾದ ಹೋಲಿಕೆಯಲ್ಲೂ ಅದು ಗೆಲ್ಲುತ್ತದೆ. ಅದಕ್ಕೆ ಆ ಅವಕಾಶ ಕೊಡದಿರುವುದು ಆಯುರ್ವೇದಕ್ಕೂ ನಾವು ಮಾಡುವ ಅನ್ಯಾಯ. ಹರಕೆಯ ಮಾತು ಬೇರೆ. ಕಿಗ್ಗಕ್ಕೆ ಹೋಗುವವರ ಭಕ್ತಿಯನ್ನು ಯಾವ ಅಧ್ಯಯನವೂ ಅಳೆಯಬೇಕಿಲ್ಲ.

ನಾಳೆ ನಿಮ್ಮನ್ನು ಯಾರಾದರೂ ಅಧ್ಯಯನಕ್ಕೆ ಸೇರುತ್ತೀರಾ ಎಂದು ಕೇಳಿದರೆ ಏನು ನೋಡಬೇಕು? ಭಾರತದಲ್ಲಿ ಕ್ಲಿನಿಕಲ್ ಅಧ್ಯಯನಗಳ ನೋಂದಣಿ ಪುಸ್ತಕವೊಂದು 2007ರ ಜುಲೈನಿಂದ ಇದೆ, ಸಿಟಿಆರ್‌ಐ ಎಂದು ಅದರ ಹೆಸರು. ಆಯುರ್ವೇದದ ಅಧ್ಯಯನಗಳೂ ಅಲ್ಲಿ ದಾಖಲಾಗುತ್ತವೆ, ಯಾರು ಬೇಕಾದರೂ ಮೊಬೈಲಿನಲ್ಲೇ ನೋಡಬಹುದು. ಅಧ್ಯಯನದ ನೋಂದಣಿ ಸಂಖ್ಯೆ ಕೇಳಿ. ನೈತಿಕ ಸಮಿತಿ ಒಪ್ಪಿದೆಯೇ ಎಂದು ಕೇಳಿ. ನಿಮಗೆ ಓದಲು ಬರುವ ಭಾಷೆಯಲ್ಲಿ ಮಾಹಿತಿ ಪತ್ರ ಕೊಡಬೇಕು; ಮನೆಗೆ ಒಯ್ದು ಓದಿ, ನಂಬುವ ಒಬ್ಬರಿಗೆ ತೋರಿಸಿ, ಆಮೇಲೆ ಸಹಿ ಹಾಕಿ. ಗಂಡನೋ ಅತ್ತೆಯೋ ಒಪ್ಪಿದರೆ ಸಾಲದು; ಯಾರ ಮೈಗೆ ಔಷಧ ಹೋಗುತ್ತದೋ ಅವಳೇ ಒಪ್ಪಬೇಕು. ಅರ್ಧದಲ್ಲಿ ಬೇಡವೆನಿಸಿದರೆ ಕಾರಣ ಹೇಳದೆ ಹೊರಬರಬಹುದು, ಅದರಿಂದ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲಕೂಡದು. ಹೊಸ ಔಷಧದ ಪರೀಕ್ಷೆಯಲ್ಲಿ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಸಿಗಬೇಕೆಂದು 2019ರ ನಿಯಮಗಳು ಹೇಳುತ್ತವೆ. ಪರೀಕ್ಷೆಯಲ್ಲಿರುವ ಔಷಧಕ್ಕೆ ಯಾರಾದರೂ ದುಡ್ಡು ಕೇಳಿದರೆ ಎದ್ದು ಬನ್ನಿ.

ಅಧ್ಯಯನಕ್ಕೆ ಸೇರದೆ ಬರೀ ಚಿಕಿತ್ಸೆಗೆ ಹೋಗುವವರೂ ಒಂದು ಮಾತು ಕೇಳಬೇಕು. ಶೇಕಡಾ 60, 70 ಯಶಸ್ಸು ಎಂದು ಬೋರ್ಡಿನಲ್ಲಿ ಬರೆದಿದ್ದರೆ, ಯಾವುದನ್ನು ಯಶಸ್ಸು ಎನ್ನುತ್ತೀರಿ ಎಂದು ಕೇಳಿ. ರಕ್ತಪರೀಕ್ಷೆ ಪಾಸಿಟಿವ್ ಬಂದದ್ದೂ ಒಂದು ಎಣಿಕೆ, ಸ್ಕ್ಯಾನಿನಲ್ಲಿ ಮಗುವಿನ ಎದೆಬಡಿತ ಕಂಡದ್ದೂ ಒಂದು ಎಣಿಕೆ, ಮಗುವನ್ನು ಎತ್ತಿಕೊಂಡು ಮನೆಗೆ ಹೋದದ್ದೇ ಬೇರೆ ಎಣಿಕೆ. ನನ್ನ ವಯಸ್ಸಿನವರು ನೂರು ಮಂದಿ ಚಿಕಿತ್ಸೆ ಶುರು ಮಾಡಿದರೆ ಎಷ್ಟು ಮಂದಿ ಮಗು ಎತ್ತಿಕೊಂಡು ಹೋಗುತ್ತಾರೆ ಎಂದು ಕೇಳಿ. 2022ರ ಜನವರಿಯಿಂದ ಜಾರಿಗೆ ಬಂದ ಕಾಯ್ದೆಯಂತೆ ಐವಿಎಫ್ ಕೇಂದ್ರಗಳು ನೋಂದಣಿ ಮಾಡಿಸಲೇಬೇಕು. ಆ ಪ್ರಮಾಣಪತ್ರ ಗೋಡೆಯ ಮೇಲಿದೆಯೇ ನೋಡಿ.

ವೈದ್ಯಕೀಯ ಅಧ್ಯಯನ ಮಲೆನಾಡಿಗೆ ಹೊಸದಲ್ಲ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾದಂದಿನಿಂದ ನಮ್ಮ ಜನ ರಕ್ತ ಕೊಟ್ಟಿದ್ದಾರೆ, ಲಸಿಕೆ ಹಾಕಿಸಿಕೊಂಡಿದ್ದಾರೆ. ಆ ಲಸಿಕೆ ಎಣಿಸಿದಷ್ಟು ಕೆಲಸ ಮಾಡುತ್ತಿರಲಿಲ್ಲ ಎಂದು ತಿಳಿದದ್ದೂ ಆಮೇಲಿನ ಅಧ್ಯಯನಗಳಿಂದಲೇ. ಬಂಜೆತನದ ವಿಷಯದಲ್ಲೂ ನಮ್ಮ ನೆಲದಲ್ಲಿ ಒಂದು ಅಧ್ಯಯನ ನಡೆಯಬೇಕೆಂಬುದು ನನ್ನ ಬಯಕೆ. ಕಾರಣ ಗೊತ್ತಾಗದೆ ಮಗುವಾಗದಿರುವ, ಹೆಂಡತಿಗೆ 35 ದಾಟದ ದಂಪತಿಗಳಿಗೆ ಫಲಘೃತದಂಥ ಆಯುರ್ವೇದದ ಒಂದು ನಿಶ್ಚಿತ ಔಷಧದ ತುಪ್ಪ ಒಂದು ಕಡೆ, ಅದೇ ಬಣ್ಣ, ಅದೇ ರುಚಿಯ, ಔಷಧವಿಲ್ಲದ ತುಪ್ಪ ಇನ್ನೊಂದು ಕಡೆ. ನೂರಕ್ಕೆ 20 ಆಗುವಲ್ಲಿ 30 ಆಗುತ್ತದೆಯೇ ಎಂದು ಭರವಸೆಯಿಂದ ಹೇಳಲು ಪ್ರತಿ ಗುಂಪಿಗೆ ಸುಮಾರು 300 ದಂಪತಿಗಳು ಬೇಕು. ಶೃಂಗೇರಿಯಂಥ ಪುಟ್ಟ ತಾಲ್ಲೂಕಿನಲ್ಲಿ ಅಷ್ಟು ಮಂದಿ ಸಿಗುವುದಿಲ್ಲ, ಮೂರು ತಾಲ್ಲೂಕು ಸೇರಿದರೂ ಸಾಲದು. ಕೊಪ್ಪದ ಆಯುರ್ವೇದ ಕಾಲೇಜು, ಶಿವಮೊಗ್ಗದ ಸರ್ಕಾರಿ ವೈದ್ಯಕೀಯ ಕಾಲೇಜು, ಘಾಟಿಯ ಕೆಳಗಿನ ಮಣಿಪಾಲ ಕೈಜೋಡಿಸಿದರೆ ಆದೀತು. ಬಂದುಹೋಗುವ ಬಸ್ ಖರ್ಚನ್ನೂ ಒಂದು ದಿನದ ಕೂಲಿಯನ್ನೂ ಅಧ್ಯಯನದವರೇ ಕೊಡಬೇಕು. ಅಡಿಕೆ ಕೊಯ್ಲಿನ ದಿನಗಳಲ್ಲಿ ತಪಾಸಣೆಗೆ ಕರೆಯಬಾರದು. ಎಲ್ಲ ಮುಗಿದ ಮೇಲೆ, ಔಷಧ ಗೆದ್ದಿರಲಿ, ಸೋತಿರಲಿ, ಭಾಗವಹಿಸಿದ ಪ್ರತಿಯೊಂದು ಮನೆಗೂ ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಅಂಚೆಯಲ್ಲಿ ಕಳಿಸಬೇಕು.